ಅಮ್ಮನ ಲೋಟಕ್ಕೆ ಎಷ್ಟು ಗ್ರಾಂ?

ಸಿಡ್ನಿಯಿಂದ ಅಕ್ಕ ಒಂದು ಫೋಟೊ ಕಳಿಸಿದಳು. ತಟ್ಟೆಯಲ್ಲಿ ಕೇಕು. ಬಿಳಿಚಿಕೊಂಡಿದೆ, ಮೇಲೆಲ್ಲ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು. ಕೆಳಗೆ ಎರಡು ಸಾಲು: "ಅಮ್ಮನ ಮೊಸರು ಕೇಕು ಇದು. ನಾಲ್ಕು ಮಾಡಿದ್ರೆ ಗೋಡೆ ಕಟ್ಟಬಹುದು."

ಮಗಳ ಹುಟ್ಟುಹಬ್ಬಕ್ಕೆ ಮಾಡಲು ಹೊರಟಿದ್ದಳಂತೆ. ಅಮ್ಮನಿಗೆ ಫೋನ್ ಮಾಡಿ ಬರೆದುಕೊಂಡಿದ್ದಾಳೆ. ಆ ಚೀಟಿಯ ಫೋಟೊವೂ ಬಂತು. ಎರಡು ಲೋಟ ಮೈದಾ, ಒಂದು ಲೋಟ ಸಕ್ಕರೆ ಪುಡಿ, ಒಂದು ಲೋಟ ಗಟ್ಟಿ ಮೊಸರು, ಅರ್ಧ ಲೋಟ ಎಣ್ಣೆ, ಒಂದು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಸೋಡಾ, ನಾಲ್ಕು ಏಲಕ್ಕಿ. ಅಷ್ಟೇ. ನಮ್ಮ ಮನೆಯಲ್ಲಿ ಮೊಟ್ಟೆ ಒಳಗೆ ಬರುತ್ತಿರಲಿಲ್ಲ, ಹಾಗಾಗಿ ಕೇಕು ಅಂದರೆ ಇದೊಂದೇ. ದುಂಡನೆಯ ಅಲ್ಯೂಮಿನಿಯಂ ಓವನ್, ಮುಚ್ಚಳದ ಮಧ್ಯೆ ಗಾಜಿನ ಕಿಂಡಿ. ಆ ಕಿಂಡಿಗೆ ಮೂಗು ತಾಗಿಸಿ ನಿಂತು ನಾವಿಬ್ಬರೂ ಎಷ್ಟು ಸಲ ಬೈಸಿಕೊಂಡಿದ್ದೇವೋ.

ಲೋಟದ ಬದಲು ಅಕ್ಕ ಅಲ್ಲಿಯ ಅಳತೆ ಕಪ್ಪು ಬಳಸಿದ್ದಳು. ತಪ್ಪು ಅಲ್ಲೇ ಇದೆ ಎಂದುಕೊಂಡ ನಾನು ದೊಡ್ಡದಾಗಿ, "ಕಪ್ಪು ಲೋಟ ಎಲ್ಲ ಬಿಡು, ಗ್ರಾಂ ಲೆಕ್ಕಕ್ಕೆ ತಂದು ಕೊಡ್ತೀನಿ" ಎಂದೆ. ಒಂದು ಕಪ್ಪು ಮೈದಾ ಎಷ್ಟು ಗ್ರಾಂ ಅಂತ ಹುಡುಕಿದರೆ ಮುಗೀತು, ಗುಣಿಸುವುದಷ್ಟೇ ಕೆಲಸ.

ಹುಡುಕಿದೆ. ಒಂದು ಕಡೆ 120 ಗ್ರಾಂ. ಇನ್ನೊಂದು ಕಡೆ 125. ಮತ್ತೊಂದು ಕಡೆ 140. 150 ಅಂದವರೂ ಉಂಟು. ಒಂದೇ ಕಪ್ಪು, ಒಂದೇ ಹಿಟ್ಟು. ಚಿನ್ನದ ಅಂಗಡಿಯಲ್ಲಿ ಇಷ್ಟು ವ್ಯತ್ಯಾಸ ಬಂದಿದ್ದರೆ ಪೊಲೀಸರು ಬರುತ್ತಿದ್ದರು. ನಡುವಿನದೊಂದು ಇರಲಿ ಎಂದು 125 ಹಿಡಿದು, ಸಕ್ಕರೆ ಪುಡಿಗೆ ಕಪ್ಪಿಗೆ 120 ಎಂದು ಬರೆದು, ಮೊಸರು ಎಣ್ಣೆಗಳನ್ನೂ ಕೂಡಿಸಿ ಕಳಿಸಿದೆ. ಮಾರನೆಯ ದಿನ ಉತ್ತರ ಬಂತು: "ಇದು ಸ್ವಲ್ಪ ಹಗುರದ ಇಟ್ಟಿಗೆ ಕಣೇ. ಸಪ್ಪೆ ಬೇರೆ."

ಈ ಅವಮಾನದ ಮೇಲೆ ನಾನು ಕೂತು ಓದಿಕೊಂಡೆ. ಮೊದಲು ಕಪ್ಪಿನ ಕಥೆ. ಅಮೆರಿಕದ ಮನೆಗಳಲ್ಲಿರುವ ಕಪ್ಪು ಸುಮಾರು 237 ಮಿಲಿಲೀಟರ್. ಅದೇ ದೇಶದಲ್ಲಿ ಪೊಟ್ಟಣಗಳ ಮೇಲೆ ಪೌಷ್ಟಿಕಾಂಶ ಬರೆಯುವಾಗ ಕಪ್ಪು ಅಂದರೆ 240. ಆಸ್ಟ್ರೇಲಿಯಾದ ಕಪ್ಪು 250. ಜಪಾನಿನದು 200. ನಮ್ಮ ಎಲೆಕ್ಟ್ರಿಕ್ ರೈಸ್ ಕುಕ್ಕರುಗಳ ಜೊತೆ ಬರುವ ಪ್ಲಾಸ್ಟಿಕ್ ಕಪ್ಪು ಹೆಚ್ಚಾಗಿ 180ರ ಆಸುಪಾಸಿನದು, ಅದು ಜಪಾನಿನ ಅಕ್ಕಿಯ ಹಳೇ ಅಳತೆ. ಬ್ರಿಟನ್ನಿನ ಹಳೆಯ ಕಪ್ಪು 284. ಬೆಂಗಳೂರಿನ ಅಂಗಡಿಗಳಲ್ಲಿ ಸಿಗುವ ಬಣ್ಣಬಣ್ಣದ ಸೆಟ್ಟುಗಳಲ್ಲಿ 240ರದೂ ಇದೆ, 250ರದೂ ಇದೆ, ತಿರುಗಿಸಿ ತಳ ನೋಡಿದರೆ ಮಾತ್ರ ಗೊತ್ತಾಗುತ್ತೆ. ಚಮಚಕ್ಕೂ ಇದೇ ಗತಿ. ಟೀ ಚಮಚ ಎಲ್ಲ ಕಡೆ 5 ಮಿಲಿ ಎನ್ನಬಹುದು. ಆದರೆ ದೊಡ್ಡ ಚಮಚ ಉಳಿದವರಿಗೆ 15 ಆದರೆ ಆಸ್ಟ್ರೇಲಿಯಾದವರಿಗೆ 20. ಅಲ್ಲಿಯ ಚಮಚದಲ್ಲಿ ಅಮೆರಿಕದ ಅಡುಗೆಪುಸ್ತಕ ನೋಡಿ ಬೇಕಿಂಗ್ ಪೌಡರ್ ಹಾಕಿದರೆ ಮೂರನೇ ಒಂದು ಪಾಲು ಜಾಸ್ತಿ ಬಿತ್ತೆಂದೇ ಅರ್ಥ. ಕೇಕು ಮೊದಲು ಉಬ್ಬಿ ಆಮೇಲೆ ಕುಸಿಯುತ್ತೆ, ನಾಲಿಗೆಗೆ ಸೋಪಿನ ರುಚಿ.

ಆದರೆ ಕಪ್ಪಿನ ಗಾತ್ರವೇ ಕಾರಣವಾಗಿದ್ದರೆ ನಮ್ಮ ಸೆವೆನ್ ಕಪ್ ಬರ್ಫಿ ಯಾರ ಮನೆಯಲ್ಲೂ ಸರಿಯಾಗಬಾರದಿತ್ತು. ಕಡಲೆಹಿಟ್ಟು ಒಂದು, ಕಾಯಿತುರಿ ಒಂದು, ಹಾಲು ಒಂದು, ತುಪ್ಪ ಒಂದು, ಸಕ್ಕರೆ ಮೂರು. ಒಟ್ಟು ಏಳು. ಯಾವ ಕಪ್ಪು ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ. ಮದುವೆ ಮನೆಯಲ್ಲಿ ಬಕೆಟ್ಟಿನಲ್ಲಿ ಅಳೆದರೂ ಬರ್ಫಿಯೇ, ಮಗುವಿನ ಒಳಲೆಯಲ್ಲಿ ಅಳೆದರೂ ಬರ್ಫಿಯೇ. ಒಂದೇ ಪಾತ್ರೆಯಲ್ಲಿ ಎಲ್ಲವನ್ನೂ ಅಳೆದಾಗ ಪಾತ್ರೆಯ ಗಾತ್ರ ಲೆಕ್ಕದಿಂದ ಹಾರಿಹೋಗುತ್ತೆ, ಉಳಿಯುವುದು ಪ್ರಮಾಣ ಮಾತ್ರ. ನಮ್ಮ ಅಡುಗೆಮನೆ ತಕ್ಕಡಿ ಇಲ್ಲದೆ ಬದುಕಿದ್ದೇ ಹೀಗೆ. ಇಡ್ಲಿಗೆ ಒಂದಕ್ಕೆ ಎರಡು, ದೋಸೆಗೆ ಒಂದಕ್ಕೆ ಮೂರು, ಅನ್ನಕ್ಕೆ ಒಂದಕ್ಕೆ ಎರಡು ನೀರು. ಎಣಿಸಿ ಹಾಕುವ ಪದಾರ್ಥ ಅಥವಾ ಪ್ಯಾಕಿನಲ್ಲಿ ಬರುವ ಪದಾರ್ಥ ಒಂದು ನಡುವೆ ನುಗ್ಗಿದರೆ ಮಾತ್ರ ಈ ವ್ಯವಸ್ಥೆ ಕೆಡುತ್ತೆ. ಎರಡು ಕಪ್ಪು ಮೈದಾಕ್ಕೆ ಮೂರು ಮೊಟ್ಟೆ ಎಂದಾಗ ಕಪ್ಪು ದೊಡ್ಡದಾದರೂ ಕೋಳಿ ಅದೇ ಮೊಟ್ಟೆ ಇಡುತ್ತೆ. ಅಮೆರಿಕದವರು ಒಂದು ಸ್ಟಿಕ್ ಬೆಣ್ಣೆ ಎಂದು ಬರೆಯುತ್ತಾರೆ. ಅದು ಅವರ ಅಂಗಡಿಯಲ್ಲಿ ಸಿಗುವ 113 ಗ್ರಾಮಿನ ಕಡ್ಡಿ. ನಮ್ಮಲ್ಲಿ ಸಿಗುವ 100 ಗ್ರಾಮಿನ ಪ್ಯಾಕನ್ನೇ ಅದು ಎಂದು ತಿಳಿದು ಸುರಿದವರು ಎಷ್ಟು ಜನವೋ, ನಾನೂ ಸೇರಿ.

ಅಮ್ಮನ ಕೇಕಿನಲ್ಲಿ ಮೊಟ್ಟೆ ಇಲ್ಲ, ಬೆಣ್ಣೆ ಇಲ್ಲ. ಮೈದಾ, ಸಕ್ಕರೆ, ಮೊಸರು, ಎಣ್ಣೆ ನಾಲ್ಕೂ ಲೋಟದಲ್ಲೇ. ಲೋಟ ಕಪ್ಪಾದರೂ ಪ್ರಮಾಣ ಅದೇ ಇರಬೇಕಲ್ಲ? ಹಾಗಿದ್ದರೆ ಇಟ್ಟಿಗೆ ಯಾಕಾಯ್ತು?

ಮುಂದಿನ ಶನಿವಾರ ಹಾಸನಕ್ಕೆ ಹೋಗುವಾಗ ಬ್ಯಾಗಿನಲ್ಲಿ ಅಡುಗೆಮನೆ ತಕ್ಕಡಿ ಇಟ್ಟುಕೊಂಡು ಹೋದೆ. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನನ್ನ ಕೈ ಮೇಲೆ ನಂಬಿಕೆ ಇಲ್ದೆ ಯಂತ್ರ ತಂದಿದೀಯಾ" ಎಂದಳು. ಕೋಪವೇನಲ್ಲ, ಆದರೆ ಪೂರ್ತಿ ತಮಾಷೆಯೂ ಅಲ್ಲ.

ಲೋಟದಿಂದಲೇ ಶುರು. ಯಾರದೋ ಮದುವೆಯಲ್ಲಿ ಬಂದ ಸ್ಟೀಲ್ ಲೋಟ, ಕಂಠದ ಕೆಳಗೆ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆದಿದ್ದಾರೆ, ತಿಕ್ಕಿ ತಿಕ್ಕಿ ಅರ್ಧ ಅಳಿಸಿದೆ. ಒಂದು ಪಾತ್ರೆ ಎಷ್ಟು ಹಿಡಿಯುತ್ತೆ ಅಂತ ನೋಡಲು ನೀರು ತುಂಬಿ ತೂಗಿದರೆ ಸಾಕು. ನೀರಿನ ಒಂದು ಗ್ರಾಂ ಎಂದರೆ ಒಂದು ಮಿಲಿಲೀಟರ್. ತುಳುಕುವ ಹಾಗೆ ತುಂಬಿದರೆ 214 ಬಂತು. ಆದರೆ ಅಮ್ಮ ಯಾವತ್ತೂ ತುಳುಕಿಸುವುದಿಲ್ಲ, ಅಂಚಿಗೆ ಒಂದು ಗೆರೆ ಕೆಳಗೆ ನಿಲ್ಲಿಸುತ್ತಾಳೆ. ಆ ಗೆರೆಗೆ 200.

"ಈಗ ಮೈದಾ ಹಾಕು. ದಿನಾ ಹಾಕೋ ಹಾಗೇ ಹಾಕು."

ಅಮ್ಮ ಹಳೇ ಪೇಪರು ಹಾಸಿದಳು. ಡಬ್ಬಿಯಿಂದ ಮೈದಾವನ್ನು ಜರಡಿಗೆ ಸುರಿದು ಅಂಗೈಯಲ್ಲಿ ತಟ್ಟಿ ತಟ್ಟಿ ಜರಡಿ ಹಿಡಿದಳು. ಪೇಪರಿನ ಮೇಲೆ ಹಿಟ್ಟು ಹತ್ತಿಯ ಹಾಗೆ ಗುಪ್ಪೆಯಾಯಿತು. ಜರಡಿಯಲ್ಲಿ ಉಳಿದ ನಾಲ್ಕು ಗಂಟು ಮತ್ತು ಒಂದು ಸಣ್ಣ ಕಪ್ಪು ಹುಳವನ್ನು ಕಿಟಕಿಯಿಂದಾಚೆ ಕೊಡವಿದಳು. ಆಮೇಲೆ ಐದೂ ಬೆರಳು ಕೂಡಿಸಿ ಹಿಟ್ಟನ್ನು ಎತ್ತಿ ಎತ್ತಿ ಲೋಟಕ್ಕೆ ಉದುರಿಸಿದಳು. ಒತ್ತಲಿಲ್ಲ, ತಟ್ಟಲಿಲ್ಲ. ಮೊದಲನೆಯ ಲೋಟ ಸುರಿಯುವಾಗ ಬಾಯಲ್ಲಿ "ಲಾಭ" ಎಂದಳು, ಕಣದಲ್ಲಿ ರಾಗಿ ಅಳೆಯುವಾಗ ನಮ್ಮಜ್ಜ ಒಂದು ಎನ್ನದೆ ಲಾಭ ಎನ್ನುತ್ತಿದ್ದ ಹಾಗೆ. ತಕ್ಕಡಿ 98 ಎಂದಿತು. ಎರಡನೆಯದು 97.

ಈಗ ಅದೇ ಲೋಟವನ್ನು ನಾನು ತೆಗೆದುಕೊಂಡು, ಅಕ್ಕ ಮಾಡಿರಬಹುದಾದ ಹಾಗೆ, ನೇರ ಡಬ್ಬಿಯೊಳಗೆ ಅದ್ದಿ ಬಾಚಿದೆ. ಮೇಲೆ ಚಾಕುವಿನಲ್ಲಿ ಸವರಿ ಅದೇ ಗೆರೆಗೆ ತಂದೆ. 121. ಲೋಟವನ್ನು ಕಟ್ಟೆಗೆ ಎರಡು ಸಲ ಕುಟ್ಟಿ, ಇಳಿದ ಜಾಗಕ್ಕೆ ಮತ್ತೆ ತುಂಬಿದೆ. 138.

ಒಂದೇ ಲೋಟ, ಒಂದೇ ಡಬ್ಬಿಯ ಮೈದಾ, ಎರಡು ಕೈ. 97ರಿಂದ 138.

ಅಮ್ಮನನ್ನು ಕೇಳಿದೆ, "ಜರಡಿ ಹಿಡಿದ ಮೇಲೆ ಅಳೀಬೇಕು ಅಂತ ಅಕ್ಕಂಗೆ ಯಾಕೆ ಹೇಳಲಿಲ್ಲ?"

"ಅದನ್ನೂ ಹೇಳ್ಬೇಕಾ? ಜರಡಿ ಹಿಡೀದೆ ಯಾರಾದ್ರೂ ಮೈದಾ ಮುಟ್ತಾರಾ?"

ಅವಳಿಗೆ ಮೈದಾ ಎಂದರೇನೇ ಜರಡಿ ಹಿಡಿದ ಮೈದಾ. ಹುಳ ಬೀಳುವ ಊರಿನಲ್ಲಿ ಹಿಟ್ಟಿನ ಯಾವ ಕೆಲಸವೂ ಜರಡಿಯಿಂದಲೇ ಶುರುವಾಗುತ್ತೆ, ಚಪಾತಿಯಾದರೂ ಸರಿ, ಕೋಡುಬಳೆಯಾದರೂ ಸರಿ. ಸಿಡ್ನಿಯಲ್ಲಿ ಮೈದಾ ಅಚ್ಚುಕಟ್ಟಾದ ಪೊಟ್ಟಣದಲ್ಲಿ ಬರುತ್ತೆ, ಒಳಗೆ ಹುಳವಿಲ್ಲ, ಅಕ್ಕನ ಮನೆಯಲ್ಲಿ ಜರಡಿಯೂ ಇಲ್ಲ. ಲೋಟದ ಜೊತೆ ಬರಬೇಕಾಗಿದ್ದ ಗಾಳಿ ಸಮುದ್ರ ದಾಟಲಿಲ್ಲ.

ಇದಾದ ಮೇಲೆ ಆ 120, 125, 140, 150ರ ಮೇಲಿದ್ದ ನನ್ನ ಸಿಟ್ಟು ಹೋಯಿತು. ಯಾರೂ ಸುಳ್ಳು ಹೇಳಿರಲಿಲ್ಲ. ಚಮಚದಲ್ಲಿ ಮೆಲ್ಲಗೆ ಉದುರಿಸಿ ಮಟ್ಟ ಮಾಡುವವರ ಕಪ್ಪು 120, ಅದ್ದಿ ಬಾಚುವವರದು 140ರ ಮೇಲೆ. ನೀರು, ಹಾಲು, ಎಣ್ಣೆಗೆ ಈ ರಗಳೆಯೇ ಇಲ್ಲ, ಯಾರು ಸುರಿದರೂ ಅಷ್ಟೇ. ಹರಳು ಸಕ್ಕರೆಯೂ ಹೆಚ್ಚುಕಡಿಮೆ ಸಭ್ಯ, ಅಮೆರಿಕದ ಕಪ್ಪಿಗೆ 200 ಗ್ರಾಂ. ಮೋಸ ಮಾಡುವುದು ಗಾಳಿ ತುಂಬಿಕೊಳ್ಳುವ ಪುಡಿಗಳು: ಮೈದಾ, ಕೋಕೋ, ಸಕ್ಕರೆ ಪುಡಿ. ಕೋಕೋ ಅಂತೂ ಕಪ್ಪಿಗೆ 85 ಗ್ರಾಂ, ಅದೇ ಕಪ್ಪಿಗೆ ಜೇನುತುಪ್ಪ 340. ಕಪ್ಪನ್ನು ಗ್ರಾಮಿಗೆ ಬದಲಿಸುವ ಒಂದೇ ಒಂದು ಸಂಖ್ಯೆ ಇದೆ ಎಂದು ನಂಬಿ ಕೂತವರು ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಅಮೆರಿಕದವರು ಕಪ್ಪಿಗೆ ಯಾಕೆ ಅಂಟಿಕೊಂಡರು ಎಂಬುದಕ್ಕೆ ಬಾಸ್ಟನ್ನಿನ ಅಡುಗೆ ಶಾಲೆಯೊಂದರ ಮುಖ್ಯಸ್ಥೆ ಫ್ಯಾನಿ ಫಾರ್ಮರ್ ಹೆಸರು ಹೇಳುತ್ತಾರೆ. 1896ರ ತನ್ನ ಅಡುಗೆ ಪುಸ್ತಕದಲ್ಲಿ ಆಕೆ ಕಪ್ಪನ್ನೂ ಚಮಚವನ್ನೂ ಚಾಕುವಿನಿಂದ ಮಟ್ಟ ಸವರಿ ಅಳೆಯಬೇಕೆಂದು ಪಟ್ಟು ಹಿಡಿದಳು. ಅದಕ್ಕೂ ಮುಂಚೆ ಅಲ್ಲಿಯ ಅಡುಗೆಯೂ ಮೊಟ್ಟೆ ಗಾತ್ರದ ಬೆಣ್ಣೆ ಎನ್ನುವಂಥದ್ದೇ, ನಮ್ಮ ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣಿನ ಸೋದರ ಸಂಬಂಧಿ. ಆಕೆ ಮೇಲ್ಭಾಗವನ್ನು ಮಟ್ಟ ಮಾಡಿಸಿದಳು. ಒಳಗಿನ ಗಾಳಿಯನ್ನು ಯಾವ ಚಾಕುವೂ ಮಟ್ಟ ಮಾಡುವುದಿಲ್ಲ.

ನಮ್ಮಲ್ಲೂ ತೂಕ ಮತ್ತು ಅಳತೆಯ ಗೊಂದಲ ಹೊಸದಲ್ಲ. ಸೇರು ಎಂಬ ಒಂದೇ ಮಾತು ಎರಡಕ್ಕೂ ಇತ್ತು. ಅಂಗಡಿಯ ಬೆಲ್ಲ ತೂಕದ ಸೇರಿನಲ್ಲಿ, ಕಣದ ರಾಗಿ ಅಳತೆಯ ಸೇರಿನಲ್ಲಿ. ತೂಕದ ಸೇರಿನಲ್ಲಿ ಕಚ್ಚಾ ಬೇರೆ, ಪಕ್ಕಾ ಬೇರೆ. ಎಂಬತ್ತು ತೊಲದ ಪಕ್ಕಾ ಸೇರು ಇವತ್ತಿನ ಲೆಕ್ಕಕ್ಕೆ 933 ಗ್ರಾಂ. ಅಳತೆಯ ಸೇರಿನ ಕಾಲು ಭಾಗ ಪಾವು, ಪಾವಿನ ಕಾಲು ಭಾಗ ಚಟಾಕು. 1956ರ ಕಾಯ್ದೆ ಬಂದು, 1962ರ ಏಪ್ರಿಲ್ ಹೊತ್ತಿಗೆ ಪೇಟೆಯಲ್ಲೆಲ್ಲ ಕೆಜಿ ಕಡ್ಡಾಯವಾಯಿತು. ಅಡುಗೆಮನೆಗೆ ಯಾವ ಇನ್‌ಸ್ಪೆಕ್ಟರೂ ಬರಲಿಲ್ಲ, ಹಾಗಾಗಿ ಪಾವು ಅಕ್ಕಿ ಡಬ್ಬಿಯೊಳಗೆ ಇವತ್ತಿಗೂ ಕೂತಿದೆ. ಅಜ್ಜ ಕಣದಲ್ಲಿ ಕೊಳ್ಳುವಾಗ ಸೇರಿಗೆ ಗೋಪುರ ಕಟ್ಟಿಸುತ್ತಿದ್ದ, ಕೊಡುವಾಗ ತಲೆ ಸವರುತ್ತಿದ್ದ ಅಂತ ಅಮ್ಮನೇ ನಗುತ್ತ ಹೇಳುತ್ತಾಳೆ. ಅಳತೆಯೊಳಗೆ ಕೈ ಎಷ್ಟು ಆಡುತ್ತೆ ಎಂಬುದು ಅಜ್ಜನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೈದಾ ಗೊತ್ತಾಯಿತು, ಆದರೆ ಸಪ್ಪೆ ಯಾಕೆ? ಸಕ್ಕರೆ ಬಾಕಿ ಇತ್ತು. ಅಮ್ಮ ಲೋಟದ ತುಂಬ ಹರಳು ಸಕ್ಕರೆ ತೆಗೆದುಕೊಂಡಳು, ತೂಗಿದೆ, 170 ಗ್ರಾಂ. ಏಲಕ್ಕಿ ಸಿಪ್ಪೆ ಸಮೇತ ಹಾಕಿ ಮಿಕ್ಸಿಗೆ ಕೊಟ್ಟಳು. ಮುಚ್ಚಳ ತೆಗೆದಾಗ ಎದ್ದ ಹೊಗೆಯಂಥ ಪುಡಿಗೆ ನಮ್ಮ ಅರ್ಧ ಬಾಲ್ಯ ಸೇರಿಕೊಂಡಿದೆ, ಆ ಮಾತು ಬೇಡ. ಪುಡಿಯನ್ನು ಅದೇ ಲೋಟಕ್ಕೆ ವಾಪಸು ಸುರಿಯಹೋದರೆ ಹಿಡಿಸಲಿಲ್ಲ. ಲೋಟ ತುಂಬಿ, ಪಕ್ಕದ ಬಟ್ಟಲಲ್ಲಿ ಇನ್ನೂ ಅರ್ಧ ಲೋಟದಷ್ಟು ಉಳಿಯಿತು.

ಅಮ್ಮ ಹೇಳಿದ್ದು ಒಂದು ಲೋಟ ಸಕ್ಕರೆ, ಪುಡಿ ಮಾಡಿದ್ದು. ಅಕ್ಕ ಬರೆದುಕೊಂಡದ್ದು ಒಂದು ಲೋಟ ಸಕ್ಕರೆ ಪುಡಿ. ಅಕ್ಕ ಅಂಗಡಿಯಿಂದ ಪುಡಿಯನ್ನೇ ತಂದು ಕಪ್ಪಿನಲ್ಲಿ ಅಳೆದಳು. ಮೈದಾ ಒತ್ತಿ ಜಾಸ್ತಿಯಾಯಿತು, ಸಕ್ಕರೆ ಉಬ್ಬಿ ಕಡಿಮೆಯಾಯಿತು. ಅಮ್ಮನ ಕೇಕಿನಲ್ಲಿ ನೂರು ಗ್ರಾಂ ಮೈದಾಕ್ಕೆ ಸುಮಾರು 87 ಗ್ರಾಂ ಸಕ್ಕರೆ. ಅಕ್ಕನದರಲ್ಲಿ 42ರ ಹತ್ತಿರ, ಅರ್ಧವೂ ಇಲ್ಲ. ನಾನು ಜಂಬದಿಂದ ಕಳಿಸಿದ ಗ್ರಾಂ ಪಟ್ಟಿಯಲ್ಲಿ 48. ಸಕ್ಕರೆ ಸಿಹಿಗೆ ಮಾತ್ರವಲ್ಲ, ಅದು ನೀರನ್ನು ಹಿಡಿದಿಟ್ಟುಕೊಂಡು ಕೇಕನ್ನು ಮೆದುವಾಗಿಡುತ್ತೆ, ಮೇಲ್ಮೈಗೆ ಕೆಂಪು ಬಣ್ಣವನ್ನೂ ಅದೇ ತರುವುದು. ಬಿಳಿಚಿಕೊಂಡ ಬಣ್ಣ, ಬಿರುಕು, ಸಪ್ಪೆ ರುಚಿ, ಮೂರಕ್ಕೂ ಉತ್ತರ ಆ ಪಕ್ಕದ ಬಟ್ಟಲಲ್ಲಿ ಉಳಿದಿತ್ತು.

ಇದರಲ್ಲಿ ಕನ್ನಡದ ಪಾಲೂ ಸ್ವಲ್ಪ ಇದೆ ಅನ್ನಿಸುತ್ತೆ. ಮಾತಾಡುವಾಗ ನಾವು ಕೆಲಸದ ಅನುಕ್ರಮವನ್ನು ದನಿಯಲ್ಲೇ ಹೇಳಿಬಿಡುತ್ತೇವೆ. ಒಂದು ಲೋಟ ಎಂದು ತುಸು ನಿಂತು ಸಕ್ಕರೆ ಪುಡಿ ಎಂದರೆ ಒಂದರ್ಥ, ಒಂದು ಲೋಟ ಸಕ್ಕರೆ ಎಂದು ನಿಂತು ಪುಡಿ ಎಂದರೆ ಇನ್ನೊಂದು. ಚೀಟಿಯ ಮೇಲೆ ಆ ನಿಲುಗಡೆ ಬರುವುದಿಲ್ಲ. ಅವತ್ತಿನಿಂದ ನಾನು ಅಡುಗೆ ಬರೆದುಕೊಳ್ಳುವಾಗ ಮೊದಲು ಅಳೆದದ್ದು ಏನು, ಆಮೇಲೆ ಮಾಡಿದ್ದು ಏನು ಎಂದು ಎರಡು ಸಾಲು ಮಾಡುತ್ತೇನೆ. ಗೋಡಂಬಿ ತರಿಗೂ ಇದೇ ಪಾಡು, ಕಾಯಿತುರಿಗೂ ಇದೇ.

ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬೇರು ನಮ್ಮ ಹಾಸನದ ಕಡೆಯದು. ಇಲ್ಲಿಯ ಬೇಕರಿಯವರ ಹತ್ತಿರ ಈ ಸಾಹಸ ಹೇಳಿಕೊಂಡಿದ್ದರೆ ನಗುತ್ತಿದ್ದರು. ಬೇಕರಿಯ ಕೆಲಸವೇ ತೂಕದ್ದು. ಅವರ ಲೆಕ್ಕದಲ್ಲಿ ಮೈದಾ ಯಾವಾಗಲೂ ನೂರು, ಉಳಿದದ್ದೆಲ್ಲ ಅದರ ನೂರಕ್ಕಿಷ್ಟು. ಬ್ರೆಡ್ಡಿಗೆ ನೀರು ಅರವತ್ತರ ಸುತ್ತ, ಉಪ್ಪು ಎರಡು. ಹತ್ತು ಕೆಜಿ ಮೈದಾ ಇರಲಿ, ಐವತ್ತು ಕೆಜಿ ಮೂಟೆ ಇರಲಿ, ಲೆಕ್ಕ ಬದಲಾಗುವುದಿಲ್ಲ. ನೋಡಿದರೆ ಅದೂ ನಮ್ಮ ಸೆವೆನ್ ಕಪ್ಪೇ, ಕಪ್ಪಿನ ಜಾಗದಲ್ಲಿ ತಕ್ಕಡಿ ಕೂತಿದೆ ಅಷ್ಟೆ.

ಹಾಗಂತ ಎಲ್ಲವನ್ನೂ ತೂಗುತ್ತೇನೆಂದು ಹೊರಟರೆ ಅದೂ ಕಷ್ಟ. ಅಮ್ಮನ ಅರ್ಧ ಚಮಚ ಸೋಡಾವನ್ನು ತೂಗಲು ಹೋದೆ. ತಕ್ಕಡಿ ಮೊದಲು ಸೊನ್ನೆ ಎಂದಿತು, ಆಮೇಲೆ 3, ತೆಗೆದು ಮತ್ತೆ ಹಾಕಿದರೆ 2. ಒಂದು ಗ್ರಾಮಿನ ಕೆಳಗೆ ಕಣ್ಣು ಕಾಣದ ತಕ್ಕಡಿಗೆ ಎರಡು ಮೂರು ಗ್ರಾಂ ಕೇಳುವುದೇ ನಮ್ಮ ತಪ್ಪು. ಸೋಡಾ ಒಂದು ಗ್ರಾಂ ಹೆಚ್ಚಾದರೂ ಬಾಯಿಗೆ ಗೊತ್ತಾಗುತ್ತೆ. ಇಂಥ ಚಿಲ್ಲರೆಗೆ ಚಮಚವೇ ವಾಸಿ, ತಲೆ ಸವರಿದ ಟೀ ಚಮಚ. ಗ್ರಾಂ ಬಿಟ್ಟರೆ ಬೇರೆ ಮಾತಾಡದ ಶುದ್ಧಾಚಾರಿಗಳು ಏಲಕ್ಕಿಯನ್ನೂ ತೂಗುತ್ತಾರೇನೋ, ನನಗೆ ಅಷ್ಟು ಮಡಿ ಇಲ್ಲ.

ಸಂಜೆ ಹೊತ್ತಿಗೆ ಕೇಕೂ ಆಯಿತು, ಚೀಟಿಯೂ ಆಯಿತು. ಮೈದಾ 195 ಗ್ರಾಂ. ಸಕ್ಕರೆ 170 ಗ್ರಾಂ, ತೂಗಿದ ಮೇಲೆ ಪುಡಿ ಮಾಡುವುದು. ಗಟ್ಟಿ ಮೊಸರು 205. ಎಣ್ಣೆ 92, ಎಣ್ಣೆ ನೀರಿಗಿಂತ ಹಗುರವಾದ್ದರಿಂದ ನೂರು ಮಿಲಿಗೆ ಅಷ್ಟೇ ಬರುವುದು. ಬೇಕಿಂಗ್ ಪೌಡರ್ ಒಂದು ಟೀ ಚಮಚ, ಸೋಡಾ ಅರ್ಧ. ಅಕ್ಕನಿಗೆ ಕಳಿಸುವ ಮುಂಚೆ ಅಮ್ಮನಿಗೆ ಓದಿ ಹೇಳಿದೆ. ಕೇಳಿಸಿಕೊಳ್ಳುತ್ತ ಕೇಕಿನ ಅಂಚನ್ನು ಮುರಿದು ಬಾಯಿಗೆ ಹಾಕಿಕೊಂಡಳು.

"ಜರಡಿ ಹಿಡಿಯೋದು ಬರೀಲೇ ಇಲ್ಲ?"

"ಬೇಡಮ್ಮ. ತೂಕ ಹಾಕಿದ್ಮೇಲೆ ಹಿಡಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಗಾಳಿಗೆ ತೂಕ ಇಲ್ವಲ್ಲ."

ಅಮ್ಮ ನನ್ನನ್ನೇ ಒಂದು ಗಳಿಗೆ ನೋಡಿದಳು.

"ಹುಳಕ್ಕೆ?"